ತೊಂಬತ್ತೆಂಟರ ಮುದುಕಿ

ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಸುಧಾಮಣಿ ನಡೆಸುತ್ತಿದ್ದ ಡಿ.ಟಿ.ಪಿ. ಅಂಗಡಿಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ಅದಕ್ಕೆ ಅವಳೇ ಇಟ್ಟ ಹೆಸರು ಮುದುಕಿ. ಅದರೊಳಗೆ ಓಡುತ್ತಿದ್ದದ್ದು ವಿಂಡೋಸ್ ತೊಂಬತ್ತೆಂಟು. ಆ ತೊಂಬತ್ತೆಂಟನ್ನು ಮಾಡಿದ ಕಂಪನಿಯೇ ಇನ್ನು ಇದರ ಸಹವಾಸ ಸಾಕು ಎಂದು ಕೈತೊಳೆದುಕೊಂಡು ಮೂರು ವರ್ಷವಾಗಿತ್ತು. ಬೀದಿಯವರು ಅದರ ಡುಬ್ಬ ಮಾನಿಟರನ್ನು ನೋಡಿ ನಗುತ್ತಿದ್ದರು. ನಗುವವರ ಮನೆಯ ಲಗ್ನಪತ್ರಿಕೆ, ಬೀಗರೂಟದ ಕಾರ್ಡು, ನಾಮಕರಣದ ಕರೆಯೋಲೆ ಎಲ್ಲವೂ ಅದರ ಹೊಟ್ಟೆಯಿಂದಲೇ ಹೊರಬರುತ್ತಿದ್ದವು ಎನ್ನುವುದು ಬೇರೆ ಮಾತು.

ಮುದುಕಿಯನ್ನು ಬದಲಾಯಿಸದೆ ಇದ್ದದ್ದು ಜಿಪುಣತನಕ್ಕಲ್ಲ. ಪತ್ರಿಕೆಗಳಿಗೆ ಬೇಕಾದ ಕನ್ನಡ ಅಕ್ಷರಗಳ ಸಾಫ್ಟ್‌ವೇರು ಅದರಲ್ಲಿತ್ತು. ಅದನ್ನು ಯಾರೂ ನಕಲು ಮಾಡಬಾರದೆಂದು ಮಾರಿದವರು ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಲಾಕ್ ಕೊಟ್ಟಿದ್ದರು. ಕಂಪ್ಯೂಟರಿನ ಬೆನ್ನಲ್ಲಿ ಪ್ರಿಂಟರಿನ ವೈರು ಸಿಕ್ಕಿಸುವ ಜಾಗಕ್ಕೆ ಮೊದಲು ಆ ಲಾಕ್, ಅದರ ಮೇಲೆ ವೈರು. ಲಾಕ್ ಕಾಣಿಸಿದರೆ ಕನ್ನಡ ತೆರೆಯುತ್ತದೆ, ಕಾಣಿಸದಿದ್ದರೆ ಇಲ್ಲ. ಹಿಂದೊಮ್ಮೆ ಚಾಮರಾಜನಗರದಿಂದ ಬಂದು ರಿಪೇರಿ ಮಾಡುವ ಶಿವಶಂಕರ ಹುಮ್ಮಸ್ಸಿನಲ್ಲಿ ಹೊಸ ವಿಂಡೋಸ್ ಹಾಕಿಬಿಟ್ಟಿದ್ದ. ಲಾಕ್ ಕಾಣಿಸಲೇ ಇಲ್ಲ. ಅವನು ಎರಡು ದಿನ ಬೆವರು ಸುರಿಸಿ ಮತ್ತೆ ತೊಂಬತ್ತೆಂಟನ್ನೇ ತಂದು ಕೂರಿಸಿದ್ದ. ಈಗ ಆ ಸಾಫ್ಟ್‌ವೇರಿನ ಕಂಪನಿ ಬಾಗಿಲು ಹಾಕಿತ್ತು. ಅವರು ಕೊಟ್ಟಿದ್ದ ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು. ಹಾಗಾಗಿ ಮುದುಕಿಯ ಮೇಲೆ ಹೊಸದೇನನ್ನೂ ಹಾಕಬಾರದು ಎಂಬುದು ಸುಧಾಮಣಿಯ ವ್ರತವಾಗಿತ್ತು.

ಎರಡು ಸಾವಿರದ ಒಂಬತ್ತರ ಜೂನ್ ತಿಂಗಳ ಆ ಸೋಮವಾರ ಮಧ್ಯಾಹ್ನ ಮೂರು ದಾಟಿದ ಮೇಲೆ ಸಿಂಧು ಅಂಗಡಿಯ ಮೆಟ್ಟಿಲು ಹತ್ತಿದಳು. ತೆರಕಣಾಂಬಿಯ ಹುಡುಗಿ. ಗುಂಡ್ಲುಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಆರು ವರ್ಷದಿಂದ ಆಯಾ ಕೆಲಸ. ಬೆಡ್‌ಪ್ಯಾನ್ ಎತ್ತುತ್ತ, ನೆಲ ಒರೆಸುತ್ತ, ನರ್ಸುಗಳು ಸೂಜಿ ಚುಚ್ಚುವುದನ್ನು ಬಾಗಿಲಲ್ಲಿ ನಿಂತು ನೋಡುತ್ತ ಪಿ.ಯು.ಸಿ.ಯನ್ನು ಖಾಸಗಿಯಾಗಿ ಕಟ್ಟಿ ಪಾಸು ಮಾಡಿದವಳು. ನರ್ಸಿಂಗ್ ತರಬೇತಿಯ ಅರ್ಜಿ ಹಾಕಲು ಇಪ್ಪತ್ತಾರು ತುಂಬಿರಬಾರದು. ಸಿಂಧುವಿಗೆ ಮುಂದಿನ ತಿಂಗಳೇ ಅದು ತುಂಬುತ್ತಿತ್ತು, ಇದೇ ಕೊನೆಯ ಅವಕಾಶ. ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ಹಾಕಬೇಕು, ಅದರ ಕೊನೆಯ ದಿನ ಇದೇ ಸೋಮವಾರ, ಗಡುವು ಸಂಜೆ ಐದು ಗಂಟೆ.

"ಡ್ಯೂಟಿಯಿಂದ ಬುಡ್ಲೇ ಇಲ್ಲ ಅಕ್ಕ, ಸಂಜೆವರ್ಗೆ ಪರ್ಮಿಷನ್ ಕೇಳಿ ಓಡ್ಕೊಂಡ್ ಬಂದೆ," ಎಂದಳು ಸಿಂಧು. ಮುಖದಲ್ಲಿ ಬೆವರೂ ನಗುವೂ ಒಟ್ಟಿಗೇ ಇದ್ದವು. "ಅಮಾಸೆ, ಅದ್ರಲ್ಲೂ ಸ್ವಾಮಾರ. ಮಾದಪ್ಪನ ದಿನ. ನೀವು ದಿನ ನೋಡೇ ಸ್ವಾಮಾರ ಬಾ ಅಂದಿದೀರಿ ಅಂತ ನಮ್ಮವ್ವ ಬೆಳಿಗ್ಗೆಯಿಂದ ನಿಮ್ಮನ್ನೇ ಹೊಗಳ್ತಾ ಅವ್ಳೆ."

ಹತ್ತು ದಿನದ ಹಿಂದೆ ಸಿಂಧು ರಾತ್ರಿ ಪಾಳಿ ಮುಗಿಸಿ ಇದೇ ಮೆಟ್ಟಿಲ ಮೇಲೆ ನಿಂತಿದ್ದಳು. ಆಷಾಢ ಬರುವುದರೊಳಗೆ ಮುಗಿಸಬೇಕಾದ ಮದುವೆಗಳ ಪತ್ರಿಕೆ ಮೇಜಿನ ತುಂಬ ಬಿದ್ದಿದ್ದವು. ಸಿಂಧುವಿನ ಫೋಟೋ, ಸಹಿ ಸ್ಕ್ಯಾನ್ ಮಾಡಿಟ್ಟು, "ಮಿಕ್ಕಿದ್ದಕ್ಕೆ ಇಪ್ಪತ್ತೆರಡಕ್ಕೆ, ಸೋಮವಾರ ಬಾ ಕಣಮ್ಮಿ, ಟೈಮದೆ," ಎಂದು ಸುಧಾಮಣಿ ತಲೆ ಎತ್ತದೆ ಹೇಳಿ ಕಳಿಸಿದ್ದಳು. ದಿನ ನೋಡಿದ್ದೂ ಇಲ್ಲ, ಗ್ರಹ ನೋಡಿದ್ದೂ ಇಲ್ಲ. ಆ ಹೊತ್ತಿಗೆ ಅವಳಿಗೆ ಪೀಡೆ ತೊಲಗಿದರೆ ಸಾಕಾಗಿತ್ತು. ಅದನ್ನು ಈಗ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ.

"ಕುಂತ್ಕೊ," ಎಂದು ಟೆಲಿಫೋನ್ ಲೈನನ್ನು ಮೋಡೆಮ್ಮಿಗೆ ಸಿಕ್ಕಿಸಿದಳು.

ಮೋಡೆಮ್ ಕಿರುಚಿ, ಗೊರಗುಟ್ಟಿ, ಕೊನೆಗೆ ಸುಮ್ಮನಾಯಿತು. ತರಬೇತಿಯ ಪುಟ ಪರದೆಯ ಮೇಲೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಬೆರಳಗಲ ಇಳಿಯಿತು. ಅರ್ಜಿ ಇರಬೇಕಾದ ಜಾಗದಲ್ಲಿ ಕೆಂಪು ಅಕ್ಷರದ ಎರಡು ಸಾಲು: ನಿಮ್ಮ ಬ್ರೌಸರ್ ಹಳೆಯದು, ಹೊಸದನ್ನು ಹಾಕಿಕೊಂಡು ಬನ್ನಿ. ಅದರ ಕೆಳಗೆ ಒತ್ತಲು ಒಂದು ಬಟನ್ನೂ ಇರಲಿಲ್ಲ. ಸುಧಾಮಣಿ ಪುಟವನ್ನು ಮತ್ತೆ ತೆರೆದಳು. ಅದೇ ಕೆಂಪು ಸಾಲು.

"ಏನಂತೆ ಅಕ್ಕ?"

"ಏನಿಲ್ಲ. ಇದ್ರಲ್ಲಿ ಆಗಲ್ವಂತೆ. ಮಾದಣ್ಣನ ಸೈಬರಿಗೆ ಹೋಗನ ನಡಿ, ಐದು ನಿಮಿಷದ್ ಕೆಲಸ."

ಮುದುಕಿಯಿಂದ ಆಗದ ಇಂಟರ್ನೆಟ್ಟಿನ ಕೆಲಸ ಬಂದರೆ ಸುಧಾಮಣಿ ಯಾವಾಗಲೂ ಜನರನ್ನು ಮಾದಣ್ಣನ ಸೈಬರಿಗೇ ಕಳಿಸುತ್ತಿದ್ದಳು. ಅಲ್ಲಿ ಹೊಸ ಕಂಪ್ಯೂಟರುಗಳು ನಾಲ್ಕಿದ್ದವು. ಇಬ್ಬರೂ ಬಿರುಸಾಗಿ ನಡೆದು ತಿರುವು ದಾಟಿದರೆ ಶಟರ್ ಎಳೆದಿತ್ತು. ಬೀಗಕ್ಕೆ ಸಿಕ್ಕಿಸಿದ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು: ಅಮಾವಾಸ್ಯೆ ಪ್ರಯುಕ್ತ ಬೆಟ್ಟಕ್ಕೆ ಹೋಗಿದ್ದೇವೆ. ಈ ಸೀಮೆಯಲ್ಲಿ ಅಮಾವಾಸ್ಯೆಯೆಂದರೆ ಮಾದಪ್ಪನ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಿನ, ಅದು ಸೋಮವಾರವೇ ಬಂದರಂತೂ ಅಂಗಡಿಯೇನು, ಅರ್ಧ ಊರೇ ಬೆಟ್ಟದಲ್ಲಿರುತ್ತದೆ. ಹುಟ್ಟಿದಾಗಿನಿಂದ ಗೊತ್ತಿದ್ದ ಈ ಸಂಗತಿ ಹತ್ತು ದಿನದ ಹಿಂದೆ ಸುಧಾಮಣಿಯ ತಲೆಗೆ ಹೊಳೆದೇ ಇರಲಿಲ್ಲ. ಊಟಿ ರಸ್ತೆಯಲ್ಲಿದ್ದ ಇನ್ನೊಂದು ಸೈಬರ್ ಹೋದ ತಿಂಗಳೇ ಮೊಬೈಲ್ ಅಂಗಡಿಯಾಗಿತ್ತು.

"ಚಾಮರಾಜನಗರಕ್ಕೆ ಹೋದ್ರೆ?" ಎಂದಳು ಸಿಂಧು. ಅವಳ ಮುಖದ ನಗು ಇಳಿದಿತ್ತು.

ಸುಧಾಮಣಿ ಬಸ್‌ಸ್ಟ್ಯಾಂಡಿನ ಕಡೆ ನೋಡಿದಳು. ಬಸ್ಸುಗಳೂ ಬೆಟ್ಟಕ್ಕೇ ಹೋಗಿದ್ದವು. ಇದ್ದ ಒಂದೆರಡಕ್ಕೆ ಜನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಿದ್ದರು. ಹೊರಟರೂ ಒಂದು ಗಂಟೆಗೂ ಮೇಲಿನ ದಾರಿ, ಅಲ್ಲೂ ಅಂಗಡಿ ತೆರೆದಿರುತ್ತದೆಂಬ ಭರವಸೆಯಿಲ್ಲ. ಗಡಿಯಾರ ಮೂರೂ ನಲವತ್ತು ತೋರಿಸುತ್ತಿತ್ತು. ಅವಳು ಅಂಗಡಿಗೆ ವಾಪಸು ಬರುತ್ತಲೇ ಮೊಬೈಲಿನಲ್ಲಿ ಶಿವಶಂಕರನಿಗೆ ಫೋನು ಮಾಡಿದಳು.

"ಅಕ್ಕ, ಬೆಟ್ಟದಲ್ಲಿವ್ನಿ, ಲೈನಲ್ಲಿ ನಿಂತಿವ್ನಿ, ಜೋರಾಗ್ ಹೇಳಿ!" ಅವನ ಹಿಂದೆ ಉಘೇ ಉಘೇ ಎಂಬ ಕೂಗು.

"ಮುದುಕಿ ಮೇಲೆ ಹೊಸ ಫೈರ್‌ಫಾಕ್ಸ್ ಓಡಿಸ್ಬೇಕು ಕಣಪ್ಪ. ಐದು ಗಂಟೆ ಒಳಗೆ."

"ಓಡಲ್ಲ ಅಕ್ಕ. ಹೊಸ ಬ್ರೌಸರು ಒಳಕ್ಕೆ ಬರೋ ಮುಂಚೆ ವಿಂಡೋಸ್ ಯಾವ್ದು ಅಂತ ಕೇಳ್ತದೆ. ತೊಂಬತ್ತೆಂಟು ಅಂದ್ರೆ ಹಂಗೇ ವಾಪಸ್ ಹೋಯ್ತದೆ."

"ಬೇರೆ ದಾರಿನೇ ಇಲ್ವಾ?"

"ಒಂದದೆ. ಯಾರೋ ಫಾರಿನ್ನೋರು, ನಿಮ್ಮಂಗೇ ತೊಂಬತ್ತೆಂಟು ಬುಡ್ದೆ ಕುಂತಿರೋರು, ಒಂದು ಪ್ಯಾಚು ಮಾಡವ್ರೆ. ಚಿಕ್ಕದು. ಅದ್ನ ಹಾಕುದ್ರೆ, ಹೊಸ ಪ್ರೋಗ್ರಾಮು ಕೇಳ್ದಾಗ ಮುದುಕಿ ನಾನು ಹೊಸಬಳೇ ಅಂತ ಸುಳ್ಳೇಳ್ತಾಳೆ. ಅದು ನಂಬ್ಕೊಂಡು ಒಳಕ್ಕೆ ಬತ್ತದೆ."

"ಮತ್ತೆ ಇಷ್ಟು ದಿನ ಯಾಕ್ಲಾ ಹಾಕ್ಕೊಡ್ಲಿಲ್ಲ?"

"ಲಾಕಿಗೆ ಹೆದ್ರಿ ಅಕ್ಕ. ಆ ಪ್ಯಾಚು ವಿಂಡೋಸಿನ ಬುಡಕ್ಕೇ ಕೈ ಹಾಕ್ತದೆ. ಕನ್ನಡಕ್ಕೆ ಒಂದ್ಸಲ ಲಾಕು ಕಾಣ್ದಂಗಾಗ್ಬುಟ್ರೆ ಮುಗೀತು. ಆವಾಗಾದ್ರೆ ಫ್ಲಾಪಿ ಇದ್ವು, ಈಗ ಅವೂ ಸತ್ತೋಗವೆ. ನಾನು ಬಂದ್ರೂ ಏನೂ ಮಾಡಕ್ಕಾಗಲ್ಲ. ಯೋಚ್ನೆ ಮಾಡಿ." ಪ್ಯಾಚು ಸಿಗುವ ಜಾಗದ ವಿಳಾಸವನ್ನು ಅವನು ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದ. ಕೊನೆಯ ಅಕ್ಷರವಾದ ಮೇಲೆ ಸಿಗ್ನಲ್ ಹೋಯಿತು.

ಸುಧಾಮಣಿ ಯೋಚನೆ ಮಾಡಿದಳು. ಮಾಡದೆ ಇರಲು ಅವಳೇನು ಹುಚ್ಚಿಯಲ್ಲ. ಹದಿನೈದು ವರ್ಷ ಟೈಪಿಂಗ್ ಬೆರಳು ಸವೆಸಿ ಕಟ್ಟಿದ ಅಂಗಡಿ ನಿಂತಿದ್ದದ್ದು ಆ ಬೆಂಕಿಪೊಟ್ಟಣದಷ್ಟು ಲಾಕಿನ ಮೇಲೆ. ಆಗುವುದಿಲ್ಲ ಕಣಮ್ಮಿ ಎಂದರೆ ಸಿಂಧು ಒಂದು ಮಾತೂ ಆಡದೆ ಎದ್ದು ಹೋಗುವವಳೇ. ನಾಳೆಯಿಂದ ಮತ್ತೆ ನೆಲ ಒರೆಸುವವಳೇ, ಸಾಯುವತನಕ. ಪರದೆಯ ಮೂಲೆಯಲ್ಲಿ ಸಿಂಧುವಿನ ಹೆಸರಿನ ಒಂದು ಫೋಲ್ಡರ್ ಇತ್ತು. ಹತ್ತು ದಿನದ ಹಿಂದೆ ಸ್ಕ್ಯಾನ್ ಮಾಡಿಟ್ಟಿದ್ದ ಫೋಟೋ ಮತ್ತು ಸಹಿ. ಅವತ್ತು ಇನ್ನರ್ಧ ಗಂಟೆ ಕೊಟ್ಟಿದ್ದರೆ, ಮಾದಣ್ಣನ ಸೈಬರಿನವರೆಗೆ ಜೊತೆಗೆ ನಡೆದಿದ್ದರೆ, ಎಲ್ಲ ಮುಗಿದಿರುತ್ತಿತ್ತು. ಅವಳಿಗೆ ತನ್ನ ಮೇಲೇ ಸಿಟ್ಟು ಉಕ್ಕಿ ಬಂತು. ವಿಳಾಸವನ್ನು ಒತ್ತಿದಳು.

ಪ್ಯಾಚು ಸಣ್ಣದೇ. ಆದರೆ ಆ ಟೆಲಿಫೋನ್ ಲೈನಿನಲ್ಲಿ ಸಣ್ಣದಕ್ಕೂ ಹತ್ತು ನಿಮಿಷ. ಎಷ್ಟು ಇಳಿಯಿತೆಂದು ತೋರಿಸುವ ಹಸಿರು ಪಟ್ಟಿ ನೂರರಲ್ಲಿ ಎಂಬತ್ತು ದಾಟಿತು, ಎಂಬತ್ತೈದು ದಾಟಿತು. ತೊಂಬತ್ತಕ್ಕೆ ಬಂದು ನಿಂತಿತು. ಒಳಗಿನ ಕೋಣೆಯಿಂದ ಅತ್ತೆ ಚಿಕ್ಕನಿಂಗಮ್ಮನ ಗೊಣಗಾಟ ಕೇಳಿಸಿತು: "ಇದೇನವ್ವ, ಫೋನಲ್ಲಿ ಕಾಗೆ ಕೂಗ್ದಂಗೆ ಕೂಗ್ತದೆ!"

"ಅತ್ತೆ! ಇಟ್ಬುಡಿ ಅದ್ನ!" ಸುಧಾಮಣಿಯ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಒಳಗಿನ ಫೋನು, ಅಂಗಡಿಯ ಫೋನು ಎರಡೂ ಒಂದೇ ಲೈನಿನವು. ಅಲ್ಲಿ ರಿಸೀವರ್ ಎತ್ತಿದರೆ ಇಲ್ಲಿ ಇಂಟರ್ನೆಟ್ ಕಡಿದುಹೋಗುತ್ತದೆ. ಚಿಕ್ಕನಿಂಗಮ್ಮ ಅಮಾವಾಸ್ಯೆ ಪೂಜೆ ಆಯಿತೇ ಎಂದು ಉಮ್ಮತ್ತೂರಿನ ಮಗಳನ್ನು ಕೇಳಲು ಅದೇ ಗಳಿಗೆ ಆರಿಸಿಕೊಂಡಿದ್ದಳು. ಹಸಿರು ಪಟ್ಟಿ ಮಾಯವಾಗಿತ್ತು. ಮತ್ತೆ ಸೊನ್ನೆಯಿಂದ ಶುರು.

ಸಿಂಧು ಎದ್ದು ಒಳಗೆ ಹೋದಳು. ಚಿಕ್ಕನಿಂಗಮ್ಮನ ಪಕ್ಕ ಕುಳಿತು ಅವಳ ಮಂಡಿನೋವಿನ ಕಥೆ ಕೇಳುತ್ತ, ಒಂದು ಕೈಯನ್ನು ರಿಸೀವರಿನ ಮೇಲೆ ಇಟ್ಟುಕೊಂಡಳು. ಎರಡನೇ ಸಲ ಪ್ಯಾಚು ಪೂರ್ತಿ ಇಳಿದಾಗ ನಾಲ್ಕು ಗಂಟೆ ಏಳು ನಿಮಿಷ.

ಹಾಕಿದಳು. ಕಂಪ್ಯೂಟರ್ ಆರಿಸಿ ಮತ್ತೆ ಶುರು ಮಾಡಬೇಕೇ ಎಂದು ಅದು ಕೇಳಿತು. ಸುಧಾಮಣಿ ಮಾನಿಟರಿನ ನೆತ್ತಿಯ ಮೇಲೆ ಆಯುಧಪೂಜೆಯಿಂದ ಉಳಿದಿದ್ದ ಕುಂಕುಮದ ಬೊಟ್ಟನ್ನು ಒಮ್ಮೆ ಮುಟ್ಟಿ, ಹೂಂ ಎಂದು ಒತ್ತಿದಳು. ಪರದೆ ಕಪ್ಪಾಯಿತು. ಒಂದು ನಿಮಿಷ ಕಪ್ಪಾಗಿಯೇ ಇತ್ತು. ಎರಡನೇ ನಿಮಿಷವೂ. ಒಳಗಿನ ಫ್ಯಾನಿನ ಕಿರಕಿರ ಬಿಟ್ಟರೆ ಜೀವದ ಸುಳಿವಿಲ್ಲ. ಹೋಯಿತು, ಅಂಗಡಿ, ಅರ್ಜಿ ಎರಡೂ ಹೋದವು ಎಂದುಕೊಂಡಳು ಸುಧಾಮಣಿ. ಆಮೇಲೆ ಮೋಡದ ಚಿತ್ರವೂ ಅದರ ಹಿಂದೆ ಎಂದಿನ ಪರದೆಯೂ ನಿಧಾನವಾಗಿ ಎದ್ದು ಬಂದವು.

ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದಿದ್ದ ಸಿ.ಡಿ. ಅವಳ ಡ್ರಾಯರಿನಲ್ಲಿತ್ತು. ಅದರಲ್ಲಿದ್ದ ಹೊಸ ಫೈರ್‌ಫಾಕ್ಸನ್ನು ಹಿಂದೊಮ್ಮೆ ಆಸೆಯಿಂದ ಹಾಕಲು ಹೋಗಿ, ನಿನ್ನ ವಿಂಡೋಸ್ ಆಗದು ಎಂದು ಮುಖಕ್ಕೆ ಹೊಡೆದಂತೆ ಹೇಳಿಸಿಕೊಂಡಿದ್ದಳು. ಇವತ್ತು ಅದು ಕೇಳಿತು, ಮುದುಕಿ ಸುಳ್ಳು ಹೇಳಿದಳು, ಅದು ನಂಬಿತು. ನಾಲ್ಕೂ ಇಪ್ಪತ್ತೆಂಟಕ್ಕೆ ತರಬೇತಿಯ ಪುಟ ತೆರೆಯಿತು. ಕೆಂಪು ಸಾಲುಗಳಿದ್ದ ಕಡೆ ಅರ್ಜಿ ಕಾಣಿಸಿತು.

"ಸಿಂಧೂ! ಬಾಮ್ಮಿ!"

ಹೆಸರು, ತಂದೆಯ ಹೆಸರು, ಹುಟ್ಟಿದ ದಿನ. ಒಂದು ಕಾಲಂ ತುಂಬಿದರೆ ಮುದುಕಿ ಅರ್ಧ ನಿಮಿಷ ಏದುಸಿರು ಬಿಡುತ್ತಿದ್ದಳು. ಒತ್ತಿದ ಅಕ್ಷರ ಎಷ್ಟೋ ಹೊತ್ತಿಗೆ ಪರದೆಯ ಮೇಲೆ ಮೂಡುತ್ತಿತ್ತು. ಅಂಕಗಳು. ಜಾತಿ ಪ್ರಮಾಣಪತ್ರದ ಸಂಖ್ಯೆ. ಸಿಂಧು ಕಾಗದ ನೋಡಿ ಒಂದೊಂದೇ ಅಂಕಿ ಓದುತ್ತಿದ್ದಳು, ಸುಧಾಮಣಿ ಮತ್ತೆ ಹೇಳಿಸಿ ಒತ್ತುತ್ತಿದ್ದಳು. ಫೋಟೋ ಏರಿತು. ಸಹಿ ಏರುತ್ತಿರುವಾಗ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು, ಟ್ಯೂಬ್‌ಲೈಟು ಆರಿತು. ಕರೆಂಟು ಹೋಗಿತ್ತು. ಮೇಜಿನ ಕೆಳಗೆ ಯು.ಪಿ.ಎಸ್. ಕೀಂಯ್ ಎಂದಿತು. ನಾಲ್ಕೂ ನಲವತ್ತಾರು.

"ಇದು ಎಷ್ಟೊತ್ತು ಇರ್ತದೆ ಅಕ್ಕ?"

"ಮೊದ್ಲು ಕಾಲು ಗಂಟೆ ಇರೋದು. ಈಗ ಆರೇಳು ನಿಮಿಷ ಇದ್ರೆ ಪುಣ್ಯ."

ಸಹಿ ಏರಿತು. ಸುಧಾಮಣಿ ಕಡೆಯ ಬಟನ್ ಒತ್ತಿದಳು. ಪರದೆಯ ಮೇಲೆ ಮರಳುಗಡಿಯಾರ ಬಂದು ಕುಳಿತಿತು. ಯು.ಪಿ.ಎಸ್. ಕೀಂಯ್‌ಗುಟ್ಟುವುದು ಬಿರುಸಾಯಿತು. ಸುಧಾಮಣಿ ಕೈ ಚಾಚಿ ಮಾನಿಟರನ್ನೇ ಆರಿಸಿಬಿಟ್ಟಳು.

"ಅಯ್ಯೋ ಅಕ್ಕ!"

"ಸುಮ್ನಿರು. ಕರೆಂಟ್ ಜಾಸ್ತಿ ಕುಡಿಯೋದು ಅದೇ. ಕೆಲಸ ಒಳಗೆ ನಡೀತಾ ಅದೆ. ಎರಡು ನಿಮಿಷ ಬಿಟ್ಟು ನೋಡನ."

ಇಬ್ಬರೂ ಕಪ್ಪು ಗಾಜಿನ ಎದುರು ಕುಳಿತರು. ಮೋಡೆಮ್ಮಿನ ಚಿಕ್ಕ ದೀಪ ಮಿನುಗುತ್ತಿತ್ತು. ನೋಡಲು ಬೇರೇನೂ ಇರಲಿಲ್ಲ. ಗಾಜಿನಲ್ಲಿ ಸಿಂಧುವಿನ ಮುಖ ಕಾಣುತ್ತಿತ್ತು, ತುಟಿ ಅಲುಗುತ್ತಿತ್ತು. ಮಾದಪ್ಪ ಮಾದಪ್ಪ ಎನ್ನುತ್ತಿದ್ದಳು. ಸುಧಾಮಣಿಗೆ ಇನ್ನು ತಡೆಯಲಾಗಲಿಲ್ಲ.

"ಸಿಂಧು, ನಾನು ದಿನ ನೋಡಿ ಸೋಮವಾರ ಅನ್ಲಿಲ್ಲ ಕಣಮ್ಮಿ. ಕಾರ್ಡಿನ ಕೆಲಸ ಇತ್ತು. ನಿನ್ನ ಸಾಗಾಕಕ್ಕೆ ಹಂಗಂದೆ. ಇವತ್ತು ಅಮಾಸೆ ಅನ್ನೋದೂ ನಂಗೆ ನೆನಪಿರ್ಲಿಲ್ಲ."

ಸಿಂಧು ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಯು.ಪಿ.ಎಸ್.ನ ಕೂಗು ಈಗ ನಡುವೆ ಬಿಡುವಿಲ್ಲದಂತೆ ಒಂದೇ ಸಮ ಆಗಿತ್ತು. "ಮಾನಿಟರ್ ಹಾಕಿ ಅಕ್ಕ," ಎಂದಳು.

ಸುಧಾಮಣಿ ಹಾಕಿದಳು. ಪರದೆ ಬೆಳಗಲು ತೆಗೆದುಕೊಂಡ ಆ ಐದಾರು ಸೆಕೆಂಡು ಅವಳ ಬದುಕಿನಲ್ಲಿ ಎಲ್ಲಕ್ಕಿಂತ ಉದ್ದವಾಗಿತ್ತು. ಮಬ್ಬಿನಿಂದ ಅಕ್ಷರಗಳು ಮೂಡಿದವು. ಅರ್ಜಿ ಸ್ವೀಕರಿಸಲಾಗಿದೆ. ಕೆಳಗೆ ಹನ್ನೊಂದು ಅಂಕಿಯ ಒಂದು ಸಂಖ್ಯೆ.

"ಬರ್ಕೊ, ಬರ್ಕೊ!" ಎಂದು ಸುಧಾಮಣಿ ಕೈಗೆ ಸಿಕ್ಕ ಲಗ್ನಪತ್ರಿಕೆಯೊಂದನ್ನು ಮಗುಚಿ ತಾನೇ ಬರೆಯತೊಡಗಿದಳು. ಸಿಂಧು ಗಟ್ಟಿಯಾಗಿ ಅಂಕಿಗಳನ್ನು ಓದಿದಳು. ಹನ್ನೊಂದನೆಯದು ಬರೆದು ಇನ್ನೊಮ್ಮೆ ತಾಳೆ ನೋಡಲು ತಲೆ ಎತ್ತುವಷ್ಟರಲ್ಲಿ ಯು.ಪಿ.ಎಸ್. ಬಾಯಿ ಮುಚ್ಚಿತು. ಮುದುಕಿ ಟಪ್ಪೆಂದು ಆರಿದಳು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಎಂಟು ನಿಮಿಷ ಇತ್ತು.

ಸಿಂಧು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸುಧಾಮಣಿ ಅವಳ ಬೆನ್ನ ಮೇಲೆ ಕೈಯಿಟ್ಟು ಕುಳಿತಳು, ಅವಳ ಕಣ್ಣೂ ಒದ್ದೆಯಾಗಿತ್ತು. ಅಳು ಮುಗಿದ ಮೇಲೆ ಸಿಂಧು ಸೆರಗಿನಿಂದ ಮುಖ ಒರೆಸಿಕೊಂಡು, ಕಾರ್ಡನ್ನು ಪರ್ಸಿನಲ್ಲಿ ಜೋಪಾನ ಮಾಡಿದಳು.

"ನಂಗೆ ಅವತ್ತೇ ಗೊತ್ತಿತ್ತು ಅಕ್ಕ."

"ಏನು?"

"ನೀವು ಸಾಗಾಕ್ತಾ ಇದ್ದೀರಿ ಅಂತ. ತಲೆನೇ ಎತ್ಲಿಲ್ವಲ್ಲ ನೀವು." ಸಿಂಧು ನೆಲ ನೋಡುತ್ತ ಹೇಳಿದಳು. "ಮನೆಗೋದಾಗ ಯಾಕಮ್ಮಿ ಹಾಕ್ಲಿಲ್ಲ ಅಂತ ಅವ್ವ ಕೇಳುದ್ಲು. ನಿಜ ಹೇಳುದ್ರೆ ಇಲ್ಲಿಗೇ ಬಂದು ನಿಮ್ಮನ್ನ ಬೀದೀಲಿ ನಿಲ್ಸಿ ಬಯ್ಯೋಳು. ಅದ್ಕೇ ಅಕ್ಕ ದಿನ ನೋಡವ್ರೆ ಅಂತ ನಾನೇ ಕಟ್ಟಿ ಹೇಳ್ದೆ. ಹೇಳಿ ಹೇಳಿ ನಂಗೂ ಒಂಥರ ಧೈರ್ಯ ಬಂದ್ಬುಡ್ತು."

ಸುಧಾಮಣಿ ಮೇಜಿನ ಮೇಲಿನ ಕಾರ್ಡುಗಳನ್ನು ಜೋಡಿಸತೊಡಗಿದಳು. ಅಷ್ಟರಲ್ಲಿ ಕರೆಂಟು ಬಂತು. ಫ್ಯಾನು ತಿರುಗಿತು. ಸಿಂಧು ಡ್ಯೂಟಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಳ್ಳತೊಡಗಿದಳು. ಸುಧಾಮಣಿ ಮುದುಕಿಯನ್ನು ಎಬ್ಬಿಸಿದಳು. ಎಂದಿನ ಪರದೆ ಬಂತು. ಕನ್ನಡದ ಸಾಫ್ಟ್‌ವೇರಿನ ಮೇಲೆ ಒತ್ತಿದಳು.

ಬೂದುಬಣ್ಣದ ಒಂದು ಚೌಕ ಎದ್ದು ನಿಂತಿತು. ಲಾಕ್ ಸಿಗುತ್ತಿಲ್ಲ. ಮತ್ತೆ ಒತ್ತಿದಳು. ಹಿಂದೆ ಕೈ ಹಾಕಿ ಲಾಕನ್ನು ಅಮುಕಿ ಮತ್ತೊಮ್ಮೆ ಒತ್ತಿದಳು. ಅದೇ ಚೌಕ. ಹದಿನೈದು ವರ್ಷದ ಅಂಗಡಿ ಆ ಚೌಕದ ಹಿಂದೆ ಹೋಗಿ ಕುಳಿತಿತ್ತು. ನಾಳೆಯಿಂದ ಆಷಾಢ, ಒಂದು ತಿಂಗಳು ಯಾರೂ ಪತ್ರಿಕೆ ಕೇಳಿಕೊಂಡು ಬರುವುದಿಲ್ಲ. ಶ್ರಾವಣದಲ್ಲಿ ಬಂದಾಗ ಏನು ಹೇಳುವುದು ಎಂಬುದು ಅವಳಿಗೆ ಹೊಳೆಯಲಿಲ್ಲ.

ಮೆಟ್ಟಿಲಿಳಿದಿದ್ದ ಸಿಂಧು ಅಲ್ಲಿಂದಲೇ ತಿರುಗಿ ನೋಡಿದಳು. ಅವಳಿಗೆ ಕಾಣುತ್ತಿದ್ದದ್ದು ಮಾನಿಟರಿನ ಡುಬ್ಬ ಬೆನ್ನು ಮಾತ್ರ.

"ಅಕ್ಕ, ಮುದುಕಿ ಎದ್ಲಾ? ಏನೂ ಆಗಿಲ್ಲ ತಾನೆ?"

"ಎದ್ಲು ಕಣಮ್ಮಿ, ಏನೂ ಆಗಿಲ್ಲ," ಎಂದಳು ಸುಧಾಮಣಿ. "ನೀನು ಹೋಗು, ಡ್ಯೂಟಿಗೆ ಲೇಟಾಯ್ತದೆ."